ನೋವು ಕಾಲಿನ ಯಾವ ದಾರಿ ಹಿಡಿದಿದೆ?

ಸೊಂಟ ನೋವು ಅಂತ ಯಾರಾದರೂ ಬಂದು ಕೂತಾಗ ನಾನು ಮೊದಲು ಕೇಳುವುದು ಇಷ್ಟೇ. ನೋವು ಎಲ್ಲಿಯವರೆಗೆ ಇಳಿಯುತ್ತೆ, ಬೆರಳಿಟ್ಟು ತೋರಿಸಿ. ಕೆಲವರು ಅಂಗೈಯನ್ನು ಸೊಂಟದ ಮೇಲೆ ಅಡ್ಡಡ್ಡ ಸವರಿ "ಇಲ್ಲೇ, ಇಷ್ಟಗಲ" ಅನ್ನುತ್ತಾರೆ. ಇನ್ನು ಕೆಲವರು ಒಂದೇ ಬೆರಳಲ್ಲಿ ಪಿರ್ರೆಯಿಂದ ಶುರು ಮಾಡಿ, ತೊಡೆಯ ಹಿಂದೆ ಇಳಿದು, ಮೀನಖಂಡದ ಹೊರಬದಿ ಸವರಿ, ಪಾದದ ಮೇಲೆ ಹಾದು ಹೆಬ್ಬೆರಳಿನ ತನಕ ಒಂದು ಗೆರೆ ಎಳೆದು ತೋರಿಸುತ್ತಾರೆ. ಆ ಗೆರೆ ಕಂಡರೆ ನಾನು ಪೆನ್ನು ಕೆಳಗಿಟ್ಟು ಕಾಲು ಮುಟ್ಟಿ ನೋಡಲು ಶುರು ಮಾಡುತ್ತೇನೆ.

ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಫಿಸಿಯೋಥೆರಪಿಸ್ಟ್. ಅಡಿಕೆ ಸುಲಿಯುವವರು, ಟ್ರ್ಯಾಕ್ಟರ್ ಓಡಿಸುವವರು, ಬಸ್ ಡ್ರೈವರ್‌ಗಳು, ನಾಟಿ ಮಾಡುವ ಹೆಂಗಸರು, ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದು ಮಂಚದ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನವಿಡೀ ಕೂರುವ ಹುಡುಗರು, ಎಲ್ಲರೂ ಬರುತ್ತಾರೆ. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, "ಡಿಸ್ಕ್ ಇರ್ಬೇಕು ಮೇಡಂ". ಹೆಚ್ಚಿನವರಿಗೆ ಡಿಸ್ಕ್ ತೊಂದರೆ ಇರುವುದಿಲ್ಲ. ಸ್ನಾಯು ಹಿಡಿದುಕೊಂಡಿರುತ್ತದೆ, ಕೆಲವು ವಾರದಲ್ಲಿ ತಾನಾಗೇ ಬಿಡುತ್ತದೆ. ನಿಜವಾಗಿ ಡಿಸ್ಕ್ ಜರುಗಿ ನರ ಒತ್ತಿದವರು ಮಾತ್ರ "ವಾಯು ಹಿಡ್ಕೊಂಡಿದೆ" ಅಂತ ತಿಂಗಳುಗಟ್ಟಲೆ ಓಮದ ಕಷಾಯ ಕುಡಿದು, ಎಣ್ಣೆ ತಿಕ್ಕಿಸಿಕೊಂಡು, ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟ ತುಳಿಸಿಕೊಂಡು ಕೊನೆಗೆ ಬರುತ್ತಾರೆ. ಅಷ್ಟರಲ್ಲಿ ಪಾದ ಎತ್ತಲು ಬಲ ಇರುವುದಿಲ್ಲ. ಇದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಜನ ನೋವು ಎಷ್ಟಿದೆ ಅಂತ ಅಳೆಯುತ್ತಾರೆ. ತಡೆಯಲಾಗದಷ್ಟು ಇದ್ದರೆ ದೊಡ್ಡ ಕಾಯಿಲೆ, ಕಡಿಮೆ ಆದರೆ ವಾಸಿ ಆಗ್ತಿದೆ ಅನ್ನುವ ಲೆಕ್ಕ. ಡಿಸ್ಕ್ ವಿಷಯದಲ್ಲಿ ಈ ಲೆಕ್ಕವನ್ನು ನಂಬಿ ಕೂರುವ ಹಾಗಿಲ್ಲ. ನೋವು ಯಾವ ದಾರಿಯಲ್ಲಿ ಇಳಿದಿದೆ, ಆ ದಾರಿಯಲ್ಲಿ ಏನು ಕಳೆದುಹೋಗಿದೆ, ಬಲವಾ, ಸ್ಪರ್ಶವಾ, ಅದನ್ನು ನೋಡಬೇಕು. ಎಲ್ಲಕ್ಕಿಂತ ದೊಡ್ಡ ಲಕ್ಷಣ ಒಂದಿದೆ. ಅದನ್ನು ನಮ್ಮ ಜನ ನಾಚಿಕೆಯಿಂದ ಬಾಯಿಬಿಟ್ಟು ಹೇಳುವುದೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಳಗೆ ಏನಾಗುತ್ತೆ ಅಂತ ಸ್ವಲ್ಪ ನೋಡೋಣ. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನುಮೂಳೆಗಳ ನಡುವೆ 23 ಡಿಸ್ಕ್‌ಗಳಿವೆ. ಪ್ರತಿಯೊಂದರ ನಡುವೆ ನೀರಿನಂಶ ಜಾಸ್ತಿ ಇರುವ ಮೆತ್ತನೆಯ ತಿರುಳು, ಸುತ್ತ ಈರುಳ್ಳಿಯ ಹಾಗೆ ಪದರ ಪದರವಾದ ಗಟ್ಟಿ ನಾರು. ವರ್ಷಗಳು ಕಳೆದಂತೆ ನಾರು ಸಣ್ಣಗೆ ಬಿರುಕು ಬಿಡುತ್ತದೆ. ಒಂದು ದಿನ ಬಗ್ಗಿ ಕೊಡಪಾನ ಎತ್ತುವಾಗಲೋ, ಸುಮ್ನೆ ಸೀನಿದಾಗಲೋ, ತಿರುಳು ಆ ಬಿರುಕಿನಿಂದ ಹಿಂದಕ್ಕೆ ತಳ್ಳಿಕೊಂಡು ಬರುತ್ತದೆ. ಅಲ್ಲೇ ಪಕ್ಕದಲ್ಲಿ ಕಾಲಿಗೆ ಹೋಗುವ ನರದ ಬೇರು ಇರುತ್ತದೆ. ತಿರುಳು ಅದನ್ನು ಒತ್ತುತ್ತದೆ, ಜೊತೆಗೆ ಅದರ ರಾಸಾಯನಿಕಗಳು ನರವನ್ನು ಕೆರಳಿಸಿ ಊತ ತರಿಸುತ್ತವೆ. ಹಾಗಾಗಿ ತೊಂದರೆ ಸೊಂಟದಲ್ಲಿ, ನೋವು ಕಾಲಿನಲ್ಲಿ. ಎಷ್ಟೋ ಜನರಿಗೆ ಸೊಂಟದಲ್ಲಿ ನೋವೇ ಇರುವುದಿಲ್ಲ, ಬರೀ ಕಾಲು. ಅವರು ಮಂಡಿಗೆ ಮುಲಾಮು ಹಚ್ಚುತ್ತಾ ಇರುತ್ತಾರೆ.

ಕಾಲಿಗೆ ಇಳಿಯುವ ಈ ನೋವನ್ನು ವೈದ್ಯರು ಬಹಳ ಹಿಂದಿನಿಂದ ಬಲ್ಲವರು. ಆಯುರ್ವೇದದಲ್ಲಿ ಗೃಧ್ರಸಿ ಅಂತ ವರ್ಣನೆ ಇದೆ. ಆದರೆ ಅದಕ್ಕೆ ಡಿಸ್ಕ್ ಕಾರಣ ಆಗಬಹುದು ಅನ್ನುವುದು ವೈದ್ಯ ಲೋಕದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1934ರಲ್ಲಿ, ಬೋಸ್ಟನ್ ನಗರದ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಎಂಬ ಇಬ್ಬರು ವೈದ್ಯರು ತಮ್ಮ ಆಪರೇಷನ್‌ಗಳ ವಿವರ ಪ್ರಕಟಿಸಿದ ಮೇಲೆ. ಅದಕ್ಕೂ ಮುಂಚೆ ಆಪರೇಷನ್ ಮಾಡಿದಾಗ ಸಿಗುತ್ತಿದ್ದ ಆ ಚೂರನ್ನು ಗೆಡ್ಡೆ ಅಂದುಕೊಳ್ಳುತ್ತಿದ್ದರು. ಇನ್ನೂ ನೂರು ವರ್ಷವೂ ಆಗಿಲ್ಲ ನೋಡಿ.

ಸೊಂಟದ ಭಾಗದಲ್ಲಿ ಜರುಗುವ ಡಿಸ್ಕ್‌ಗಳಲ್ಲಿ ಬಹುಪಾಲು ಕೆಳಗಿನ ಎರಡೇ. ದೇಹದ ಭಾರ, ಬಗ್ಗುವುದು, ತಿರುಗುವುದು ಎಲ್ಲ ಜಾಸ್ತಿ ಬೀಳುವುದು ಅಲ್ಲಿಯೇ. ಅದರಿಂದ ನಮಗೆ ಒಂದು ಅನುಕೂಲ ಇದೆ. ಒತ್ತಲ್ಪಡುವ ನರಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು, ಎರಡಕ್ಕೂ ಕಾಲಿನಲ್ಲಿ ಬೇರೆ ಬೇರೆ ದಾರಿ.

ಎಲ್5 ಅನ್ನುವ ನರ ಸಿಕ್ಕಿಕೊಂಡರೆ ನೋವು ತೊಡೆಯ ಹೊರಬದಿಯಿಂದ ಮೊಣಕಾಲಿನ ಕೆಳಗೆ ಹೊರಬದಿಯಲ್ಲೇ ಇಳಿದು ಪಾದದ ಮೇಲೆ ಬಂದು ಹೆಬ್ಬೆರಳಿನ ಕಡೆ ಹೋಗುತ್ತದೆ. ಅಲ್ಲಿ ಜೋಮು ಹಿಡಿದ ಹಾಗೆ, ಇರುವೆ ಹರಿದ ಹಾಗೆ, ಕೆಲವರಿಗೆ ಕರೆಂಟ್ ಹೊಡೆದ ಹಾಗೆ. ನರ ಸೋತಾಗ ಹೆಬ್ಬೆರಳನ್ನು ಮೇಲಕ್ಕೆ ಎತ್ತುವ ಬಲ ಹೋಗುತ್ತದೆ, ಆಮೇಲೆ ಪಾದವನ್ನೇ ಎತ್ತುವ ಬಲ. ನಮ್ಮ ಕಡೆ ಇದನ್ನು ಕಂಡುಹಿಡಿಯಲು ಯಂತ್ರ ಬೇಡ. ಹವಾಯಿ ಚಪ್ಪಲಿ ಸಾಕು. ನಡೆಯುತ್ತಾ ನಡೆಯುತ್ತಾ ಒಂದು ಕಾಲಿನ ಚಪ್ಪಲಿ ಜಾರಿ ಹಿಂದೆ ಉಳಿದುಬಿಡುತ್ತೆ, ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಗೊತ್ತಾಗುತ್ತೆ ಅನ್ನುವವರು ಬಹಳ. ಚಪ್ಪಲಿ ಹಳತಾಗಿದೆ ಅಂತ ಹೊಸದು ಕೊಂಡವರೂ ಇದ್ದಾರೆ. ಹೊಸಿಲು ದಾಟುವಾಗ ಬೆರಳು ತಾಗಿ ಎಡವುವುದೂ ಇದೇ ಕಾರಣಕ್ಕೆ ಇರಬಹುದು. ಗೋಡೆ ಹಿಡಿದುಕೊಂಡು ಹಿಮ್ಮಡಿಯ ಮೇಲೆ ನಡೆದು ನೋಡಿ. ಒಂದು ಕಡೆ ಮುಂಪಾದ ನೆಲಕ್ಕೆ ಬೀಳುತ್ತಿದ್ದರೆ ತಡ ಮಾಡಬೇಡಿ.

ಎಸ್1 ನರ ಆದರೆ ದಾರಿ ಹಿಂದಿನದು. ಪಿರ್ರೆ, ತೊಡೆಯ ಹಿಂಭಾಗ, ಮೀನಖಂಡ, ಹಿಮ್ಮಡಿ, ಪಾದದ ಹೊರ ಅಂಚು, ಕಿರುಬೆರಳು. ಇದರಲ್ಲಿ ತುದಿಗಾಲಲ್ಲಿ ನಿಲ್ಲುವ ಬಲ ಹೋಗುತ್ತದೆ. ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿಯನ್ನು ಹತ್ತು ಸಲ ಎತ್ತಿ ಇಳಿಸಿ ನೋಡಿ. ಒಳ್ಳೆಯ ಕಾಲು ಸರಾಗವಾಗಿ ಮಾಡುತ್ತದೆ, ಇನ್ನೊಂದು ನಾಲ್ಕನೆಯದಕ್ಕೇ ನಡುಗಿ ಕೂತುಬಿಡುತ್ತದೆ. ಅಟ್ಟದ ಮೇಲಿನ ಡಬ್ಬಿ ತೆಗೆಯಲು ಹೋದಾಗ ಇದು ಗೊತ್ತಾಯಿತು ಅಂತ ಒಬ್ಬ ಅಮ್ಮ ಹೇಳಿದ್ದರು. ನೋವಿಲ್ಲ, ಆದರೆ ಕಾಲು ಮೇಲೇಳಲಿಲ್ಲ.

ಸ್ವಲ್ಪ ಮೇಲಿನ ಎಲ್4 ನರವಾದರೆ ತೊಡೆಯ ಮುಂಭಾಗ, ಮಂಡಿ, ಮೊಣಕಾಲಿನ ಕೆಳಗೆ ಒಳಬದಿ. ಮೆಟ್ಟಿಲು ಇಳಿಯುವಾಗ ಮಂಡಿ ತಟ್ಟನೆ ಮಡಚಿಕೊಂಡ ಹಾಗಾಗುತ್ತದೆ.

ಎಲ್ಲರಿಗೂ ಪುಸ್ತಕದಲ್ಲಿ ಬರೆದ ಹಾಗೇ ಇರುತ್ತೆ ಅಂತಲ್ಲ. ಒಂದಕ್ಕೊಂದು ಬೆರೆತಿರುತ್ತವೆ. ಆದರೂ ಮೊಣಕಾಲು ದಾಟಿ ಕೆಳಗೆ ಇಳಿಯುವ ನೋವು, ಒಂದೇ ಕಾಲಲ್ಲಿ, ಜೊತೆಗೆ ಜೋಮು ಅಂದರೆ ನರದ ಮಾತೇ ಜಾಸ್ತಿ.

ಯಾವಾಗ ಜಾಸ್ತಿ ಆಗುತ್ತೆ ಅನ್ನುವುದೂ ಸುಳಿವು ಕೊಡುತ್ತದೆ. ಡಿಸ್ಕ್ ನೋವು ಕೂತಾಗ, ಮುಂದಕ್ಕೆ ಬಗ್ಗಿದಾಗ ಹೆಚ್ಚು. ಮಲಗಿದಾಗ, ಸ್ವಲ್ಪ ಓಡಾಡಿದಾಗ ಕಡಿಮೆ. ಸ್ವೀಡನ್ ದೇಶದ ಆಲ್ಫ್ ನಾಕೆಮ್ಸನ್ ಅನ್ನುವ ವೈದ್ಯರು 1960ರ ದಶಕದಲ್ಲಿ ಬದುಕಿರುವವರ ಡಿಸ್ಕ್‌ನೊಳಗೇ ಸೂಜಿ ಇಟ್ಟು ಒತ್ತಡ ಅಳೆದಿದ್ದರು. ನಿಂತಾಗಿನದಕ್ಕಿಂತ ಆಸರೆಯಿಲ್ಲದೆ ಕೂತಾಗ ಒತ್ತಡ ಜಾಸ್ತಿ, ಬಗ್ಗಿ ಕೂತರೆ ಇನ್ನೂ ಜಾಸ್ತಿ ಅಂತ ಕಂಡಿತು. ಈಳಿಗೆಮಣೆ ಅಥವಾ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಬಗ್ಗಿ ಕೂರುವವರನ್ನು ನೆನೆಸಿಕೊಳ್ಳಿ. ಕೆಮ್ಮಿದರೆ, ಸೀನಿದರೆ, ಕಕ್ಕಸಿನಲ್ಲಿ ಮುಕ್ಕಿದರೆ ನೋವು ಛಳ್ ಅಂತ ಕಾಲಿಗೆ ಹಾಯುವುದು ಇನ್ನೊಂದು ದೊಡ್ಡ ಗುರುತು. ಬೆಳಗ್ಗೆ ಎದ್ದು ಮುಖ ತೊಳೆಯಲು ಬಗ್ಗುವುದೇ ಕಷ್ಟ ಅನ್ನುತ್ತಾರಲ್ಲ, ಅದಕ್ಕೂ ಕಾರಣ ಇದೆ. ರಾತ್ರಿ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರ ಇರುತ್ತೇವೆ. ಉಬ್ಬಿದ ಡಿಸ್ಕ್ ಮೇಲೆ ಬಗ್ಗಿದರೆ ಒತ್ತಡ ಜಾಸ್ತಿ. ಹಾಗಾಗಿ ಎದ್ದ ತಕ್ಷಣ ಅಂಗಳ ಗುಡಿಸಲು, ಬಗ್ಗಿ ಹಾಲು ಕರೆಯಲು ಹೋಗಬೇಡಿ, ಸ್ವಲ್ಪ ಓಡಾಡಿ ಆಮೇಲೆ ಹೋಗಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಅಷ್ಟು ಹೊತ್ತು ಹಸು ಸುಮ್ಮನಿರಬೇಕಲ್ಲ ಅನ್ನುತ್ತಾರೆ. ನಿಜವೇ. ಹಾಗಿದ್ದರೆ ಕೆಲವು ವಾರ ಮನೆಯಲ್ಲಿ ಬೇರೆಯವರು ಕರೆಯಲಿ.

ಮಲಗಿಸಿ, ಮೊಣಕಾಲು ಮಡಚದೆ ಕಾಲನ್ನು ನಿಧಾನಕ್ಕೆ ಮೇಲೆತ್ತುವ ಪರೀಕ್ಷೆಯನ್ನು ನೀವು ಆಸ್ಪತ್ರೆಯಲ್ಲಿ ನೋಡಿರಬಹುದು. 30ರಿಂದ 70 ಡಿಗ್ರಿ ಒಳಗೆ ನೋವು ಮೊಣಕಾಲಿನ ಕೆಳಗೂ ಹಾಯ್ದರೆ ನರ ಸಿಕ್ಕಿಕೊಂಡಿರಬಹುದು. ತೊಡೆಯ ಹಿಂದೆ ಬರೀ ಸೆಳೆದರೆ ಅದು ಸ್ನಾಯುವಿನ ಬಿಗಿತ. ಒಳ್ಳೆಯ ಕಾಲನ್ನು ಎತ್ತಿದಾಗ ನೋವಿನ ಕಾಲಿಗೆ ಹೊಡೆದರೆ ಡಿಸ್ಕ್ ಅನ್ನುವ ಅನುಮಾನ ಇನ್ನೂ ಬಲವಾಗುತ್ತದೆ. ಮನೆಯಲ್ಲಿ ಯಾರದೋ ಕಾಲನ್ನು ಎಳೆದೆತ್ತಿ ಪರೀಕ್ಷೆ ಮಾಡಲು ಹೋಗಬೇಡಿ ದಯವಿಟ್ಟು.

ಈಗ ಡಿಸ್ಕ್ ಅಲ್ಲದ್ದು. ಇದನ್ನು ಗುರುತಿಸುವುದೂ ಅಷ್ಟೇ ಮುಖ್ಯ, ಯಾಕೆಂದರೆ ಇದರಲ್ಲಿ ಕೆಲವು ಡಿಸ್ಕ್‌ಗಿಂತ ಅಪಾಯದವು.

ಎರಡೂ ಅಂಗಾಲು ಒಟ್ಟಿಗೆ ಉರಿಯುತ್ತೆ, ರಾತ್ರಿ ಜಾಸ್ತಿ, ಸಾಕ್ಸ್ ಮುಚ್ಚುವ ಜಾಗವೆಲ್ಲ ಜೋಮು ಅಂದರೆ ಮೊದಲು ಸಕ್ಕರೆ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ವಯಸ್ಸಾದವರು "ಸ್ವಲ್ಪ ದೂರ ನಡೆದರೆ ಎರಡೂ ಕಾಲು ಸೋಲುತ್ತೆ, ಕೂತರೆ ಆರಾಮು, ಸೈಕಲ್ ತಳ್ಳಿಕೊಂಡು ಬಗ್ಗಿ ಹೋದರೆ ಎಷ್ಟು ದೂರ ಬೇಕಾದರೂ ಹೋಗ್ತೀನಿ" ಅಂದರೆ ಅದು ಬೆನ್ನುಮೂಳೆಯ ಒಳದಾರಿ ಕಿರಿದಾಗಿರುವುದು. ಡಿಸ್ಕ್‌ಗೆ ಸರಿಯಾಗಿ ತಿರುಗಾಮುರುಗಾ. ತೊಡೆಸಂದಿಯಲ್ಲಿ ನೋವು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲಾಗುವುದಿಲ್ಲ ಅಂದರೆ ತೊಡೆಮೂಳೆ ಸೊಂಟಕ್ಕೆ ಸೇರುವ ಕೀಲು ನೋಡಬೇಕು. ಪಕ್ಕೆಯಿಂದ ತೊಡೆಸಂದಿಗೆ ಹಾಯುವ, ಹೇಗೆ ಮಲಗಿದರೂ ಒದ್ದಾಡಿಸುವ ನೋವು ಮೂತ್ರಪಿಂಡದ ಕಲ್ಲಿನದು ಇರಬಹುದು. ಡಿಸ್ಕ್ ನೋವಿನವರು ಒದ್ದಾಡುವುದಿಲ್ಲ, ಒಂದು ಭಂಗಿ ಸಿಕ್ಕರೆ ಅಲುಗಾಡದೆ ಹಾಗೇ ಇರುತ್ತಾರೆ. ಒಂದು ಬದಿಯಲ್ಲಿ ಮಾತ್ರ ಪಟ್ಟಿಯ ಹಾಗೆ ಉರಿದು ಎರಡು ಮೂರು ದಿನದಲ್ಲಿ ಗುಳ್ಳೆ ಎದ್ದರೆ ಸರ್ಪಸುತ್ತು.

ಇಪ್ಪತ್ತು, ಇಪ್ಪತ್ತೈದರ ಹುಡುಗರಿಗೆ ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಜಾಸ್ತಿ ಸೊಂಟ ಬಿಗಿ, ಕೆಲಸ ಮಾಡುತ್ತಾ ಹೋದಂತೆ ಸಡಿಲ, ವಿಶ್ರಾಂತಿ ತಗೊಂಡರೆ ಮತ್ತೆ ಬಿಗಿ, ನೋವು ಒಮ್ಮೆ ಈ ಪಿರ್ರೆ ಒಮ್ಮೆ ಆ ಪಿರ್ರೆ, ಹೀಗಿದ್ದರೆ ಅದು ಸಂಧಿವಾತದ ಒಂದು ಬಗೆ ಇರಬಹುದು. ಡಿಸ್ಕ್ ಅಂತಲೇ ವರ್ಷಗಳು ಕಳೆದುಹೋಗುತ್ತವೆ, ಅಷ್ಟರಲ್ಲಿ ಬೆನ್ನು ಗಟ್ಟಿಯಾಗಿ ಬಗ್ಗದ ಹಾಗಾಗಿರುತ್ತದೆ. ರುಮಟಾಲಜಿ ವೈದ್ಯರನ್ನು ಕಾಣಬೇಕು.

ಇನ್ನು ಬೆನ್ನುಮೂಳೆಯ ಕ್ಷಯ. ನಮ್ಮ ದೇಶದಲ್ಲಿ ಇದನ್ನು ಮರೆಯುವ ಹಾಗಿಲ್ಲ. ವಾರಗಟ್ಟಲೆ ಬಿಡದ ನೋವು, ಮಲಗಿದರೂ ಕಡಿಮೆ ಆಗದೆ ರಾತ್ರಿ ಎಬ್ಬಿಸುವ ನೋವು, ಸಂಜೆ ಸಣ್ಣ ಜ್ವರ, ತೂಕ ಇಳಿಯುವುದು, ಹಸಿವಿಲ್ಲದಿರುವುದು. ಕೆಮ್ಮು ಇರಲೇಬೇಕು ಅಂತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಹಿಂದೆ ಕ್ಯಾನ್ಸರ್ ಆದವರಿಗೆ ಹೊಸದಾಗಿ ಬೆನ್ನು ನೋವು ಬಂದರೆ, ವಯಸ್ಸಾದ ಹೆಂಗಸರು ಬಚ್ಚಲಲ್ಲಿ ಸಣ್ಣಗೆ ಜಾರಿ ಬಿದ್ದ ಮೇಲೆ ಬೆನ್ನು ನೋವು ಶುರುವಾದರೆ, ಅವರಿಗೂ ಮಸಾಜ್ ಬೇಡ. ಮೊದಲು ಎಕ್ಸ್‌ರೇ, ವೈದ್ಯರು.

ಕುತ್ತಿಗೆಯ ಡಿಸ್ಕ್ ಬಗ್ಗೆ ಎರಡೇ ಮಾತು. ಅಲ್ಲಿಯ ನೋವು ಭುಜದಿಂದ ಕೈಗೆ ಇಳಿಯುತ್ತದೆ, ಹೆಬ್ಬೆರಳು ಅಥವಾ ನಡುಬೆರಳು ಜುಂ ಅನ್ನುತ್ತದೆ. ಎಡಗೈ ನೋವಿಗೆ ಬೆವರು, ಎದೆ ಹಿಡಿತ, ಏದುಸಿರು ಸೇರಿದರೆ ಅದನ್ನು ಕುತ್ತಿಗೆ ಅಂದುಕೊಂಡು ಮನೆಯಲ್ಲಿ ಕೂರಬೇಡಿ, ಹೃದಯ ಇರಬಹುದು. ನೋವೇ ಇಲ್ಲದೆ ಅಂಗಿ ಗುಂಡಿ ಹಾಕಲು ಬರದಿದ್ದರೆ, ಅನ್ನ ಕಲಸುವಾಗ ಬೆರಳು ಹೇಳಿದ ಮಾತು ಕೇಳದಿದ್ದರೆ, ನಡಿಗೆ ತೂರಾಡಿದರೆ ಡಿಸ್ಕ್ ಬೆನ್ನುಹುರಿಯನ್ನೇ ಒತ್ತುತ್ತಿರಬಹುದು. ಅದು ತುರ್ತಾಗಿ ನೋಡಬೇಕಾದದ್ದು.

ಎಂಆರ್‌ಐ ವಿಷಯ ಹೇಳದೆ ಇರಲಾರೆ. ಒಬ್ಬರು ಮೇಷ್ಟ್ರು ರಿಪೋರ್ಟ್ ಹಿಡಿದು ಬಂದರು. ಮೂರು ಕಡೆ ಡಿಸ್ಕ್ ಬಲ್ಜ್ ಅಂತ ಬರೆದಿತ್ತು. ಕಾಲಿಗೆ ನೋವಿಲ್ಲ, ಜೋಮಿಲ್ಲ, ಬಲ ಚೆನ್ನಾಗಿದೆ. ಆದರೂ ಅವರು ಗದ್ದೆಗೆ ಹೋಗುವುದು ಬಿಟ್ಟಿದ್ದರು, ಮೊಮ್ಮಗಳನ್ನು ಎತ್ತಿಕೊಳ್ಳುವುದು ಬಿಟ್ಟಿದ್ದರು, ನೆಲದ ಮೇಲೆ ಕೂತು ಊಟ ಮಾಡುವುದನ್ನೂ ಬಿಟ್ಟಿದ್ದರು. ಅವರಿಗೆ ನಾನು ಹೇಳಿದ್ದು ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಕಥೆ. ಬೆನ್ನು ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಅರ್ಧಕ್ಕೂ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು 36 ಶೇಕಡಾ ಮಾತ್ರ. ಆಮೇಲೆ 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ನೋವಿಲ್ಲದ ಇಪ್ಪತ್ತರ ವಯಸ್ಸಿನವರಲ್ಲೇ 30 ಶೇಕಡಾ ಜನರಿಗೆ ಡಿಸ್ಕ್ ಉಬ್ಬು, ಎಂಬತ್ತರವರಲ್ಲಿ 84 ಶೇಕಡಾ. ಅಂದರೆ ಕೂದಲು ನರೆಯುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ. ರಿಪೋರ್ಟಿನಲ್ಲಿ ಕಂಡ ಡಿಸ್ಕ್, ಕಾಲಿನಲ್ಲಿ ನೋವು ಹಿಡಿದ ದಾರಿ, ಪರೀಕ್ಷೆಯಲ್ಲಿ ಕಂಡ ಬಲಹೀನತೆ, ಇವು ಒಂದಕ್ಕೊಂದು ಹೊಂದಿದರೆ ಮಾತ್ರ ಆ ರಿಪೋರ್ಟಿಗೆ ಅರ್ಥ. ಮೇಷ್ಟ್ರು ಈಗ ಗದ್ದೆಗೆ ಹೋಗುತ್ತಿದ್ದಾರೆ.

ನಿಜವಾಗಿ ಡಿಸ್ಕ್ ಜರುಗಿದವರಿಗೂ ಹೆದರುವುದು ಕಡಿಮೆ ಇದೆ. ಬಹುಪಾಲು ಜನರಿಗೆ ಆರರಿಂದ ಹನ್ನೆರಡು ವಾರದಲ್ಲಿ ಕಾಲಿನ ನೋವು ಬಹಳಷ್ಟು ಇಳಿಯುತ್ತದೆ. ಹೊರಬಂದ ತಿರುಳನ್ನು ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ, ದೊಡ್ಡ ಚೂರುಗಳು ಇನ್ನೂ ಚೆನ್ನಾಗಿ ಕರಗುವುದುಂಟು. ಕಾಲಿನಿಂದ ನೋವು ಮೇಲಕ್ಕೆ ಸರಿದು ಸೊಂಟಕ್ಕೆ ಬಂದರೆ ಅದು ಸಾಮಾನ್ಯವಾಗಿ ಒಳ್ಳೆಯ ಸೂಚನೆ, ಸೊಂಟ ಜಾಸ್ತಿ ನೋಯುತ್ತಿದ್ದರೂ ಸರಿ. ತಿಂಗಳು ಪೂರ್ತಿ ಮಲಗಬೇಕು ಅನ್ನುವ ಹಳೆಯ ಸಲಹೆ ಈಗ ಇಲ್ಲ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ತಡೆದುಕೊಳ್ಳುವಷ್ಟು ಓಡಾಟ. ಬಿಸಿ ಶಾಖ ಕೊಡಿ, ಎಣ್ಣೆ ಹಚ್ಚಿ, ತೊಂದರೆ ಇಲ್ಲ. ಆದರೆ ಜೋಮು, ಬಲಹೀನತೆ ಇರುವವರ ಬೆನ್ನನ್ನು ತಿರುಚುವುದು, ತುಳಿಯುವುದು, ಎಳೆಯುವುದು ಬೇಡವೇ ಬೇಡ. ನೋವು ಕಾಯಬಲ್ಲದು. ಬಲ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ ಕಾಯಬಾರದು.

ಈಗ ಆ ಹೇಳದೇ ಉಳಿಯುವ ಲಕ್ಷಣಕ್ಕೆ ಬರುತ್ತೇನೆ.

ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಗೊಂಚಲಾಗಿ ಇಳಿಯುತ್ತವೆ. ಕಾಲಿನ ನರಗಳ ಜೊತೆಗೇ ಮೂತ್ರಕೋಶ, ಮಲದ್ವಾರ, ಜನನಾಂಗದ ನರಗಳೂ ಇವೆ. ದೊಡ್ಡ ಚೂರೊಂದು ನಡುವೆ ಬಂದು ಇಡೀ ಗೊಂಚಲನ್ನೇ ಒತ್ತಿದರೆ ಅದನ್ನು ಕಾಡಾ ಈಕ್ವೈನಾ ಸಿಂಡ್ರೋಮ್ ಅನ್ನುತ್ತಾರೆ. ಅಪರೂಪ. ಆದರೆ ಬಂದರೆ ಗಂಟೆಗಳ ಲೆಕ್ಕ. ಬೇಗ ಆಪರೇಷನ್ ಆಗದಿದ್ದರೆ ಮೂತ್ರದ ಹಿಡಿತ, ಲೈಂಗಿಕ ಶಕ್ತಿ, ಕಾಲಿನ ಬಲ ಜೀವನಪೂರ್ತಿ ವಾಪಸ್ ಬಾರದೆ ಹೋಗಬಹುದು.

ಅಡಿಕೆ ಕೊನೆ ತೆಗೆಯುವ ಒಬ್ಬ ಅಣ್ಣ ಹೆಂಡತಿ ಜೊತೆ ಬಂದಿದ್ದರು. ಹಿಂದಿನ ವಾರ ಕಾಲು ನೋವಿನಿಂದ ನರಳಿದ್ದವರು ಅವತ್ತು ಖುಷಿಯಾಗಿದ್ದರು. "ನೋವು ಎಷ್ಟೋ ವಾಸಿ ಮೇಡಂ, ಕಾಲು ಸ್ವಲ್ಪ ಭಾರ ಅಷ್ಟೇ." ನಡಿಗೆ ನೋಡಿದರೆ ಎರಡೂ ಕಾಲು ಅಗಲಿಸಿ ನಡೆಯುತ್ತಿದ್ದರು. ಮೂತ್ರ ಸರಿಯಾಗಿ ಹೋಗ್ತಿದೆಯಾ ಅಣ್ಣ ಅಂದೆ. ನೆಲ ನೋಡಿಕೊಂಡು "ಹೂಂ" ಅಂದರು. ಅವರ ಹೆಂಡತಿ ನನ್ನನ್ನು ಪರದೆಯ ಆಚೆ ಕರೆದು ಪಿಸುಗುಟ್ಟಿದರು: "ನಿನ್ನೆ ರಾತ್ರಿಯಿಂದ ಹೋಗೇ ಇಲ್ಲ ಮೇಡಂ, ನಲ್ಲಿ ಬಿಟ್ಕೊಂಡು ಕೂತ್ರೂ ಬರ್ಲಿಲ್ವಂತೆ. ನಿಮ್ಮತ್ರ ಹೇಳ್ಬೇಡ ಅಂದ್ರು." ನೋವು ಕಡಿಮೆ ಆಗಿದ್ದು ವಾಸಿಯಾಗಿ ಅಲ್ಲ, ನರ ಮರಗಟ್ಟಿ. ವ್ಯಾಯಾಮ ಎಲ್ಲ ಬಿಟ್ಟು ಅಲ್ಲಿಂದಲೇ 108ಕ್ಕೆ ಫೋನ್ ಮಾಡಿದೆವು. ಆಪರೇಷನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಮೊದಲೇ ತಿಳಿಸಿ ಕಳಿಸಿದೆವು, ಅವತ್ತು ರಾತ್ರಿಯೇ ಆಪರೇಷನ್ ಆಯಿತು. ಕೆಲವು ವಾರ ಮೂತ್ರದ ನಳಿಕೆ ಬೇಕಾಯಿತು, ಆಮೇಲೆ ಹಿಡಿತ ಬಂತು. ಆ ಅಕ್ಕ ಅವತ್ತು ಬಾಯಿ ಬಿಡದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ನನಗೆ ಇಷ್ಟವಿಲ್ಲ.

ಹಾಗಾಗಿ ನಾನು ಈಗ ಬಿಡಿಸಿ ಬಿಡಿಸಿ ಕೇಳುತ್ತೇನೆ. ಮೂತ್ರ ತುಂಬಿದ್ದು ಗೊತ್ತಾಗುತ್ತಾ? ಶುರು ಮಾಡಲು ಮುಕ್ಕಬೇಕಾ? ಧಾರೆ ಸಣ್ಣಗಾಗಿದೆಯಾ? ಗೊತ್ತಿಲ್ಲದೆ ಬಟ್ಟೆ ಒದ್ದೆ ಆಗುತ್ತಾ? ಕಕ್ಕಸಿಗೆ ಹೋಗಿ ತೊಳೆದುಕೊಳ್ಳುವಾಗ ನೀರು ತಾಗಿದ್ದು, ಕೈ ತಾಗಿದ್ದು ಎರಡೂ ಬದಿ ಒಂದೇ ಥರ ಗೊತ್ತಾಗುತ್ತಾ? ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ, ಒಳತೊಡೆ, ಗುಪ್ತಾಂಗದ ಸುತ್ತ, ಮರಗಟ್ಟಿದೆಯಾ? ನೋವು ಒಂದು ಕಾಲಿನಿಂದ ಎರಡೂ ಕಾಲಿಗೆ ಬಂದಿದೆಯಾ? ಗಂಡಸರಿಗೆ ನಿಮಿರುವಿಕೆಯಲ್ಲಿ ಹೊಸದಾಗಿ ಬದಲಾವಣೆ ಆಗಿದೆಯಾ ಅಂತಲೂ ಕೇಳಬೇಕು. ನಾನು ಹೆಣ್ಣಾಗಿ ಕೇಳಿದರೆ ಮುಜುಗರ ಪಡುತ್ತಾರೆ ಅನ್ನಿಸಿದರೆ ನಮ್ಮಲ್ಲಿರುವ ಗಂಡು ಸಹೋದ್ಯೋಗಿಯ ಕೈಲಿ ಕೇಳಿಸುತ್ತೇನೆ. ಹೆಂಗಸರಲ್ಲಿ ಇನ್ನೊಂದು ತೊಡಕು ಇದೆ. ಹೆರಿಗೆ ಆದಮೇಲೆ ಕೆಮ್ಮಿದಾಗ ಸ್ವಲ್ಪ ಹನಿ ಬೀಳುವುದು ಎಷ್ಟೋ ಜನರಿಗೆ ಇರುತ್ತದೆ, ಹಾಗಾಗಿ ಇದನ್ನೂ ಅದೇ ಅಂದುಕೊಂಡು ಸುಮ್ಮನಾಗುತ್ತಾರೆ. ಮೊದಲು ಇಲ್ಲದ್ದು ಈ ಸೊಂಟ ನೋವಿನ ಜೊತೆ ಹೊಸದಾಗಿ ಶುರುವಾಯಿತಾ, ಅದನ್ನು ನೋಡಿ.

ಮನೆಯಲ್ಲಿ ಡಿಸ್ಕ್ ತೊಂದರೆಯವರು ಯಾರಾದರೂ ಇದ್ದರೆ, ಅಪ್ಪನೋ ಅತ್ತೆಯೋ, ಈ ಪ್ರಶ್ನೆಗಳನ್ನು ಇವತ್ತೇ ಒಂದು ಸಲ ಕೇಳಿಬಿಡಿ. ನೇರ ಕೇಳಲು ಆಗದಿದ್ದರೆ ಈ ಬರಹವನ್ನೇ ಓದಲು ಕೊಡಿ. ಇದರಲ್ಲಿ ಒಂದು ತೊಂದರೆ ಇದೆ ಅಂತ ಉತ್ತರ ಬಂದರೂ, ರಾತ್ರಿ ಆಗಲಿ ಭಾನುವಾರ ಆಗಲಿ, ಎಂಆರ್‌ಐ ಮತ್ತು ಬೆನ್ನುಮೂಳೆ ಆಪರೇಷನ್ ಎರಡೂ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಬರೀ "ಸೊಂಟ ನೋವು" ಅಂದರೆ ಇಂಜೆಕ್ಷನ್ ಕೊಟ್ಟು ಕಳಿಸಬಹುದು. ಮೂತ್ರ ಬರುತ್ತಿಲ್ಲ, ಕೆಳಗೆ ಮುಟ್ಟಿದ್ದು ಗೊತ್ತಾಗುತ್ತಿಲ್ಲ, ಇಂಥ ಹೊತ್ತಿನಿಂದ ಹೀಗಾಗಿದೆ ಅಂತ ಮೊದಲ ಮಾತಿನಲ್ಲೇ ಹೇಳಿ. ರೋಗಿ ಹೇಳದಿದ್ದರೆ ಜೊತೆಗೆ ಹೋದವರು ಹೇಳಿ.